ಬಂದೂಕು ಕೊಡದಿದ್ದರಷ್ಟೇ ಸಾಕೆ?

ಅಮೆರಿಕದಲ್ಲಿ ಪರವಾನಗಿ ಪಡೆದ ಅಂಗಡಿಯಿಂದ ಬಂದೂಕು ಕೊಳ್ಳಬಯಸುವವನು ಮೊದಲು 4473 ಸಂಖ್ಯೆಯ ನಮೂನೆಯನ್ನು ತುಂಬಿ, ತಾನು ಗಂಭೀರ ಅಪರಾಧಕ್ಕಾಗಿ ಶಿಕ್ಷೆಗೊಳಗಾದವನಲ್ಲ, ಮನೆಯವರ ಮೇಲೆ ಕೈಮಾಡಿದ್ದಕ್ಕಾಗಿ ತಪ್ಪಿತಸ್ಥನೆನಿಸಿದವನಲ್ಲ, ಸಂಗಾತಿಯನ್ನೋ ಮಕ್ಕಳನ್ನೋ ಕಾಡಕೂಡದೆಂಬ ನ್ಯಾಯಾಲಯದ ರಕ್ಷಣಾ ಆದೇಶ ತನ್ನ ಮೇಲಿಲ್ಲ ಎಂದು ಸಹಿ ಹಾಕಿ ಹೇಳಬೇಕಾಗುತ್ತದೆ. ಅಂಗಡಿಯವನು ಆ ವಿವರಗಳನ್ನು ದೂರವಾಣಿಯ ಮೂಲಕವೋ ಗಣಕಯಂತ್ರದ ಮೂಲಕವೋ ತಿಳಿಸುತ್ತಾನೆ. ಹೆಚ್ಚಿನ ರಾಜ್ಯಗಳಲ್ಲಿ ಅವು ಎಫ್‌ಬಿಐ 1998ರ ನವೆಂಬರ್‌ನಿಂದ ನಡೆಸುತ್ತಿರುವ ರಾಷ್ಟ್ರೀಯ ತ್ವರಿತ ಪರಿಶೀಲನಾ ವ್ಯವಸ್ಥೆಗೆ ತಲುಪಿದರೆ, ಕೆಲವು ರಾಜ್ಯಗಳಲ್ಲಿ ರಾಜ್ಯದ ಪೊಲೀಸರೇ ಪರಿಶೀಲನೆ ಮಾಡುತ್ತಾರೆ. ಬರುವ ಉತ್ತರಗಳು ಮೂರು: ಮಾರಬಹುದು, ಸದ್ಯಕ್ಕೆ ತಡೆಯಿರಿ, ಮಾರಕೂಡದು. ಈ ಮೂರನೆಯ ಉತ್ತರ ಬಂದ ಮೇಲೆ ಅಂಗಡಿಯವನ ಮೇಲೆ ಒಕ್ಕೂಟ ಸರ್ಕಾರದ ಕಾನೂನು ಹೊರಿಸುವ ಹೊಣೆ ಬಹಳ ಸಣ್ಣದು. ಅವನು ಬಂದೂಕನ್ನು ಕೊಡುವಂತಿಲ್ಲ, ನಮೂನೆಯನ್ನು ಜೋಪಾನವಾಗಿ ಇಡಬೇಕು. ಗ್ರಾಹಕ ಮೇಲ್ಮನವಿ ಸಲ್ಲಿಸಲು ಬೇಕಾದ ವಹಿವಾಟಿನ ಸಂಖ್ಯೆಯನ್ನು ಅವನಿಗೆ ನೀಡಬೇಕು. ನಿರಾಕರಣೆಯ ಕಾರಣ ಅಂಗಡಿಯವನಿಗೂ ತಿಳಿಯುವುದಿಲ್ಲ. ಪೊಲೀಸರಿಗೆ ಸುದ್ದಿ ಮುಟ್ಟಿಸಬೇಕೆಂಬ ನಿಯಮವೂ ಅವನಿಗಿಲ್ಲ. ಬಂದವನು ಬಂದ ಹಾಗೆಯೇ ಬಾಗಿಲು ದಾಟಿ ಹೊರಟುಹೋಗುತ್ತಾನೆ, ಕಾನೂನು ಅಲ್ಲಿಗೆ ತನ್ನ ಕೆಲಸ ಮುಗಿಯಿತೆಂದುಕೊಳ್ಳುತ್ತದೆ.

ಈ ಲೇಖನದ ವಾದ ಇಷ್ಟು: ಆ ಕ್ಷಣದಲ್ಲಿ ಕಾನೂನಿನ ಕೆಲಸ ಮುಗಿಯುವುದಿಲ್ಲ, ಶುರುವಾಗುತ್ತದೆ. ಬಂದೂಕು ಹೊಂದಕೂಡದೆಂದು ಕಾನೂನೇ ಗುರುತಿಸಿದ ವ್ಯಕ್ತಿಯೊಬ್ಬ ಬಂದೂಕಿಗಾಗಿ ಹೊರಟಿದ್ದಾನೆಂಬ ಸಂಗತಿ ಸರ್ಕಾರಕ್ಕೆ ಅವನ ಹೆಸರು, ವಿಳಾಸ, ಸಹಿಗಳ ಸಮೇತ ಸಿಗುವ ಸಂದರ್ಭ ಇದೊಂದೇ. ಆ ನಮೂನೆಯಲ್ಲಿ ತಿಳಿದೂ ತಿಳಿದೂ ಸುಳ್ಳು ಹೇಳುವುದು ಹತ್ತು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಇಂಥ ಮಾಹಿತಿ ಕೈಗೆ ಬಂದಾಗಲೂ ಸುಮ್ಮನಿರುವ ವ್ಯವಸ್ಥೆಯನ್ನು ಜಾಗರೂಕ ವ್ಯವಸ್ಥೆಯೆಂದು ಕರೆಯಲಾಗದು.

ಈ ಕೊರತೆಯ ಬೇರು ಕಾನೂನಿನ ಇತಿಹಾಸದಲ್ಲೇ ಇದೆ. 1968ರ ಬಂದೂಕು ನಿಯಂತ್ರಣ ಕಾಯಿದೆಯು ಯಾರು ಬಂದೂಕು ಹೊಂದಬಾರದೆಂದು ಪಟ್ಟಿಮಾಡಿತಾದರೂ, ಕೊಳ್ಳುವವನ ಮಾತನ್ನು ಪರೀಕ್ಷಿಸುವ ದಾರಿಯನ್ನು ತೋರಿಸಲಿಲ್ಲ. 1981ರ ಮಾರ್ಚ್‌ನಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಅವರ ಮೇಲೆ ನಡೆದ ಗುಂಡಿನ ದಾಳಿಯಲ್ಲಿ ತಲೆಗೆ ಗುಂಡು ತಗುಲಿ ಅವರ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿ ಶಾಶ್ವತ ಅಂಗವೈಕಲ್ಯಕ್ಕೆ ಗುರಿಯಾದರು. ಅವರೂ ಅವರ ಪತ್ನಿ ಸಾರಾ ಬ್ರೇಡಿಯವರೂ ವರ್ಷಗಟ್ಟಲೆ ಹೋರಾಡಿದ ಫಲವಾಗಿ 1993ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಬ್ರೇಡಿ ಕಾಯಿದೆಗೆ ಸಹಿ ಹಾಕಿದರು. ಅದರ ಪ್ರಕಾರ ಮೊದಲು ಐದು ದಿನಗಳ ಕಾಯುವಿಕೆ ಇತ್ತು, ಐದು ವರ್ಷಗಳ ನಂತರ ಅದರ ಜಾಗಕ್ಕೆ ತ್ವರಿತ ಪರಿಶೀಲನೆ ಬಂತು. ಅಂಗಡಿಯ ಮುಂದೆ ಕಾವಲು ನಿಲ್ಲಿಸಬೇಕೆಂಬುದಷ್ಟೇ ಆಗಿನ ಶಾಸಕರ ಕಣ್ಣಮುಂದಿದ್ದ ಗುರಿಯಾಗಿತ್ತು. ಕಾವಲುಗಾರ ತಡೆದವನು ಮುಂದೆಲ್ಲಿಗೆ ಹೋಗುತ್ತಾನೆಂದು ಕೇಳುವ ಅಧ್ಯಾಯವನ್ನು ಯಾರೂ ಬರೆಯಲಿಲ್ಲ.

ಅಮೆರಿಕದ ಸಂಸತ್ತಿಗೆ ವರದಿ ಒಪ್ಪಿಸುವ ಸರ್ಕಾರಿ ಹೊಣೆಗಾರಿಕೆ ಕಚೇರಿಯು 2018ರಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡಿತು. ಅದರ ವರದಿಯಂತೆ 2017ರ ಹಣಕಾಸು ವರ್ಷದಲ್ಲಿ ಎಫ್‌ಬಿಐ ನಡೆಸಿದ ಸುಮಾರು 86 ಲಕ್ಷ ಪರಿಶೀಲನೆಗಳ ಪೈಕಿ ಸುಮಾರು 1,12,000 ನಿರಾಕರಣೆಯಲ್ಲಿ ಕೊನೆಗೊಂಡವು. ಅವುಗಳಲ್ಲಿ ಬಂದೂಕು ಕಾನೂನುಗಳನ್ನು ಜಾರಿಗೊಳಿಸುವ ಎಟಿಎಫ್ ಸಂಸ್ಥೆಯ ಪ್ರಾದೇಶಿಕ ಕಚೇರಿಗಳಿಗೆ ಸುಮಾರು 12,700 ಪ್ರಕರಣಗಳು ತನಿಖೆಗೆ ಹೋದವು. 2018ರ ಜೂನ್ ವೇಳೆಗೆ ಒಕ್ಕೂಟದ ಸರ್ಕಾರಿ ವಕೀಲರು ಮೊಕದ್ದಮೆ ಹೂಡಿದ್ದು 12. ಹನ್ನೆರಡು ಸಾವಿರವಲ್ಲ, ಬರೀ ಹನ್ನೆರಡು. ಅದೇ ಕಚೇರಿ ಪರಿಶೀಲಿಸಿದ ಹದಿಮೂರು ರಾಜ್ಯಗಳ ಪೈಕಿ ಒರೆಗಾನ್, ಪೆನ್ಸಿಲ್ವೇನಿಯಾ, ವರ್ಜೀನಿಯಾ ಈ ಮೂರು ಮಾತ್ರ ನಿರಾಕರಣೆಗಳ ಬೆನ್ನುಹತ್ತುತ್ತಿದ್ದವು. ಅಂದರೆ ಈ ಕೆಲಸ ಅಸಾಧ್ಯವೇನಲ್ಲ, ಮಾಡಬೇಕೆಂದುಕೊಂಡ ರಾಜ್ಯಗಳು ಮಾಡುತ್ತಲೇ ಇದ್ದವು.

ಬಂದೂಕಿನ ಹಕ್ಕನ್ನು ಪ್ರತಿಪಾದಿಸುವವರು ಇದಕ್ಕೆ ಕೊಡುವ ಉತ್ತರವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಿರಾಕರಣೆಗೊಳಗಾದವರಲ್ಲಿ ಹಲವರು ನಿರಪರಾಧಿಗಳು, ಹೆಸರು ಮತ್ತು ಜನ್ಮದಿನಾಂಕ ಬೇರೊಬ್ಬ ಅಪರಾಧಿಯದರೊಂದಿಗೆ ಹೊಂದಿಕೊಂಡ ಮಾತ್ರಕ್ಕೆ ಸಿಕ್ಕಿಬಿದ್ದವರು ಎಂದು ಅವರು ಹೇಳುತ್ತಾರೆ. ಅಂಥವರು ಇದ್ದಾರೆಂಬುದು ನಿಜ. ಬೆರಳಚ್ಚು ಕೊಟ್ಟು ತಮ್ಮ ಗುರುತನ್ನು ಮೊದಲೇ ದೃಢಪಡಿಸಿಕೊಳ್ಳುವ ಸೌಲಭ್ಯವನ್ನು ಎಫ್‌ಬಿಐ ಇಟ್ಟಿರುವುದೇ ಅವರಿಗಾಗಿ. ಆದರೆ ಈ ವಾದ ಸಮರ್ಥಿಸುವುದು ತನಿಖೆಯನ್ನೇ ಹೊರತು ಮೌನವನ್ನಲ್ಲ. ಯಾರೂ ವಿಚಾರಿಸದಿದ್ದಾಗ ಅಪರಾಧಿ ಹಾಯಾಗಿ ತಪ್ಪಿಸಿಕೊಳ್ಳುತ್ತಾನೆ, ನಿರಪರಾಧಿ ಮಾತ್ರ ತಿಂಗಳುಗಟ್ಟಲೆ ಮೇಲ್ಮನವಿಯ ಕಾಗದಪತ್ರಗಳೊಡನೆ ಸೆಣಸುತ್ತಾನೆ. ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು: ನಮೂನೆಯಲ್ಲಿ ಸುಳ್ಳು ಹೇಳಿದವರನ್ನೆಲ್ಲ ಜೈಲಿಗೆ ತಳ್ಳಹೊರಟರೆ, ಆಗಲೇ ಸೆರೆಮನೆಗಳಲ್ಲಿ ತಮ್ಮ ಪಾಲಿಗಿಂತ ಹೆಚ್ಚಾಗಿ ತುಂಬಿರುವ ಬಡ ಕಪ್ಪು ಜನರ ಮೇಲೆಯೇ ಆ ಹೊರೆ ಬೀಳುತ್ತದೆ. ಇದನ್ನು ಒಪ್ಪಲೇಬೇಕು. ಆದರೆ ಸರ್ಕಾರದ ಕೈಯಲ್ಲಿರುವ ಸಾಧನ ಮೊಕದ್ದಮೆಯೊಂದೇ ಅಲ್ಲ. ಸ್ಥಳೀಯ ಅಧಿಕಾರಿಯೊಬ್ಬ ಆ ವ್ಯಕ್ತಿಯನ್ನು ಕಂಡು ಮಾತನಾಡಿ, ನಿಷೇಧವಿರುವುದು ಅವನಿಗೆ ಗೊತ್ತೇ, ಮನೆಯಲ್ಲಿ ಮೊದಲೇ ಬಂದೂಕುಗಳಿವೆಯೇ, ಯಾರನ್ನಾದರೂ ಬೆದರಿಸಿದ್ದಾನೆಯೇ ಎಂದು ವಿಚಾರಿಸುವುದಕ್ಕೆ ಸೆರೆಮನೆಯ ಅಗತ್ಯವಿಲ್ಲ.

ವಿಚಾರಿಸದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಟೆಕ್ಸಸ್ ರಾಜ್ಯದ ಮಿಡ್‌ಲ್ಯಾಂಡ್ ಮತ್ತು ಒಡೆಸ್ಸಾ ಪಟ್ಟಣಗಳು ಸಾಕ್ಷಿ. 2019ರ ಆಗಸ್ಟ್ 31ರಂದು ಅಲ್ಲಿ ಏಳು ಜನರನ್ನು ಕೊಂದವನು 2014ರಲ್ಲಿ ಬಂದೂಕು ಕೊಳ್ಳಲು ಹೋಗಿ ಪರಿಶೀಲನೆಯಲ್ಲಿ ಅನುತ್ತೀರ್ಣನಾಗಿದ್ದ. ವ್ಯವಸ್ಥೆ ಆಗ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಆಮೇಲೆ ಅವನು ಪರವಾನಗಿಯಿಲ್ಲದ ಖಾಸಗಿ ಮಾರಾಟಗಾರನೊಬ್ಬನಿಂದ ರೈಫಲ್ ಕೊಂಡ. ಒಬ್ಬ ನಾಗರಿಕ ಇನ್ನೊಬ್ಬನಿಗೆ ಮಾರುವಾಗ ಪರಿಶೀಲನೆ ಮಾಡಬೇಕೆಂಬ ನಿಯಮ ಒಕ್ಕೂಟದ ಕಾನೂನಿನಲ್ಲಿ ಇಲ್ಲ, ಟೆಕ್ಸಸ್ಸಿನಲ್ಲೂ ಇಲ್ಲ. ಪರವಾನಗಿಯಿಲ್ಲದೆ ಬಂದೂಕು ವ್ಯಾಪಾರ ನಡೆಸಿದ ಆ ಮಾರಾಟಗಾರನಿಗೆ ನಂತರ ಎರಡು ವರ್ಷಗಳ ಶಿಕ್ಷೆಯಾಯಿತು, ಸತ್ತವರಿಗೆ ಅದರಿಂದ ಏನೂ ಆಗುವಂತಿರಲಿಲ್ಲ.

ಖಾಸಗಿ ಮಾರಾಟ ಒಂದು ದಾರಿಯಾದರೆ ಬೇನಾಮಿ ಖರೀದಿ ಇನ್ನೊಂದು: ತಾನು ಕೊಳ್ಳಲಾಗದವನು ಕಾನೂನಿನ ಕಣ್ಣಿಗೆ ಶುದ್ಧವಾಗಿರುವ ಗೆಳೆಯನನ್ನೋ ಗೆಳತಿಯನ್ನೋ ಕಳಿಸಿ ಅವರ ಹೆಸರಿನಲ್ಲಿ ತರಿಸಿಕೊಳ್ಳುವುದು. ಇಲ್ಲಿ ಅಂಗಡಿಯವನ ಕಣ್ಣು ಮುಖ್ಯವಾಗುತ್ತದೆ. ನಿನ್ನೆ ನಿರಾಕರಣೆಗೊಳಗಾದವನ ಜೊತೆ ಬಂದವಳು ಇಂದು ಅದೇ ಪಿಸ್ತೂಲನ್ನು ಕೇಳಿದರೆ ಅದರ ಅರ್ಥವೇನೆಂದು ತಿಳಿಯಲು ಯಾವ ಗಣಕಯಂತ್ರವೂ ಬೇಡ. ಮಿಲ್ವಾಕಿಯ ಬ್ಯಾಜರ್ ಗನ್ಸ್ ಎಂಬ ಅಂಗಡಿಯಿಂದ ಹೀಗೆ ಬೇನಾಮಿಯಾಗಿ ಹೋದ ಪಿಸ್ತೂಲಿನಿಂದ 2009ರಲ್ಲಿ ಇಬ್ಬರು ಪೊಲೀಸರು ಗಾಯಗೊಂಡರು, 2015ರಲ್ಲಿ ನ್ಯಾಯದರ್ಶಿ ಮಂಡಳಿಯು ಆ ಅಂಗಡಿ ಅವರಿಗೆ ಸುಮಾರು 60 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಕಣ್ಣುಮುಚ್ಚಿ ಮಾರುವುದು ತಟಸ್ಥತೆಯಲ್ಲ, ಪಾಲುದಾರಿಕೆ ಎಂದು ಆ ಮಂಡಳಿಯಲ್ಲಿದ್ದ ಸಾಮಾನ್ಯ ನಾಗರಿಕರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನು ‘ಸದ್ಯಕ್ಕೆ ತಡೆಯಿರಿ’ ಎಂಬ ಎರಡನೆಯ ಉತ್ತರ. ಮೂರು ಕೆಲಸದ ದಿನಗಳೊಳಗೆ ಎಫ್‌ಬಿಐ ಖಚಿತವಾಗಿ ಏನೂ ಹೇಳದಿದ್ದರೆ, ರಾಜ್ಯದ ಕಾನೂನು ಅಡ್ಡಬರದ ಕಡೆಗಳಲ್ಲಿ, ಅಂಗಡಿಯವನು ತನ್ನ ವಿವೇಚನೆಯಂತೆ ಬಂದೂಕನ್ನು ಕೊಡಬಹುದು. 2015ರ ಏಪ್ರಿಲ್‌ನಲ್ಲಿ ಒಬ್ಬ ಯುವಕ ಪಿಸ್ತೂಲು ಪಡೆದದ್ದು ಹೀಗೆಯೇ: ಮಾದಕವಸ್ತು ಪ್ರಕರಣದ ಅವನ ದಾಖಲೆ ಯಾವ ಠಾಣೆಯಲ್ಲಿದೆಯೆಂದು ಹುಡುಕುವುದರಲ್ಲಿ ಎಫ್‌ಬಿಐ ಎಡವಿತು, ಗಡುವು ಮೀರಿತು, ಅಂಗಡಿ ಮಾರಿತು. ಜೂನ್ 17ರಂದು ಅವನು ಚಾರ್ಲ್ಸ್‌ಟನ್ ನಗರದ ಇಮ್ಯಾನುಯೆಲ್ ಚರ್ಚಿನಲ್ಲಿ ಬೈಬಲ್ ಅಧ್ಯಯನಕ್ಕೆ ಕುಳಿತಿದ್ದ ಒಂಬತ್ತು ಮಂದಿ ಕಪ್ಪು ಜನರನ್ನು ಕೊಂದ. ಆ ಪಿಸ್ತೂಲು ಅವನ ಕೈಸೇರಬಾರದಿತ್ತೆಂದು ಎಫ್‌ಬಿಐ ಮುಖ್ಯಸ್ಥ ಜೇಮ್ಸ್ ಕೋಮಿ ಮುಂದಿನ ತಿಂಗಳೇ ಒಪ್ಪಿಕೊಂಡರು. ಉತ್ತರ ಬಾರದಿರುವುದನ್ನೇ ಒಪ್ಪಿಗೆಯೆಂದು ಪರಿಗಣಿಸುವ ಈ ನಿಯಮವನ್ನು, 2022ರಲ್ಲಿ ಇಪ್ಪತ್ತೊಂದು ವರ್ಷದೊಳಗಿನವರ ವಿಷಯದಲ್ಲಿ ಗಡುವನ್ನು ಹತ್ತು ಕೆಲಸದ ದಿನಗಳವರೆಗೆ ವಿಸ್ತರಿಸಲು ಅವಕಾಶ ಕೊಟ್ಟದ್ದನ್ನು ಬಿಟ್ಟರೆ, ಸಂಸತ್ತು ಇಂದಿಗೂ ಮುಟ್ಟಿಲ್ಲ.

ಕನ್ನಡ ಓದುಗರಿಗೆ ಈ ವ್ಯವಸ್ಥೆ ತಲೆಕೆಳಗಾಗಿ ಕಾಣುವುದು ಸಹಜ. ಭಾರತದ 1959ರ ಆಯುಧ ಕಾಯಿದೆಯಂತೆ ಪರವಾನಗಿ ಮೊದಲು, ಅಂಗಡಿ ಆಮೇಲೆ. ಪರವಾನಗಿ ಕೊಡುವ ಮುನ್ನ ಹತ್ತಿರದ ಪೊಲೀಸ್ ಠಾಣೆಯಿಂದ ವರದಿ ತರಿಸಿಕೊಳ್ಳಬೇಕು. (ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯ ಇತಿಹಾಸ ಬೇರೆ.) ಹೀಗಾಗಿ ಇಲ್ಲಿ ಯಾರು ಬಂದೂಕು ಕೇಳುತ್ತಿದ್ದಾರೆಂಬುದು ಠಾಣೆಗೆ ಆರಂಭದಲ್ಲೇ ಗೊತ್ತಿರುತ್ತದೆ. ತಾತ್ಕಾಲಿಕ ಉದ್ಯೋಗ ವೀಸಾದ ಮೇಲೆ ಡಲ್ಲಾಸ್, ಸ್ಯಾನ್ ಹೋಸೆಗಳಲ್ಲಿ ನೆಲೆಸಿರುವ ಕನ್ನಡಿಗರು ತಿಳಿದಿರಬೇಕಾದ ಮಾತೊಂದಿದೆ: ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳಿಲ್ಲದೆ ಅವರೂ ಆ ನಿಷೇಧಿತರ ಪಟ್ಟಿಯಲ್ಲೇ ಇದ್ದಾರೆ.

ದಾರಿ ತೋರಿಸಿದ ರಾಜ್ಯಗಳಿಲ್ಲದಿಲ್ಲ. ವಾಷಿಂಗ್ಟನ್ ರಾಜ್ಯವು 2017ರಲ್ಲಿ ಮಾಡಿದ ಕಾನೂನು ಅಂಗಡಿಯವನೇ ಪ್ರತಿ ನಿರಾಕರಣೆಯನ್ನೂ ವರದಿ ಮಾಡಬೇಕೆಂದು ವಿಧಿಸಿತು. ರಕ್ಷಣಾ ಆದೇಶವನ್ನು ಪಡೆದ ಮಹಿಳೆ ಬಯಸಿದರೆ, ಆ ಆದೇಶಕ್ಕೆ ಒಳಪಟ್ಟವನು ಬಂದೂಕು ಕೊಳ್ಳಲು ಯತ್ನಿಸಿದನೆಂಬ ಸುದ್ದಿ ಅವಳಿಗೂ ತಲುಪುತ್ತದೆ. ಅವಳಿಗಿಂತ ಹೆಚ್ಚಾಗಿ ಆ ಸುದ್ದಿ ಬೇಕಾದವರು ಯಾರಿದ್ದಾರೆ? 2022ರ ಮಾರ್ಚ್‌ನಲ್ಲಿ ಒಕ್ಕೂಟ ಸರ್ಕಾರವೂ ಒಂದು ಹೆಜ್ಜೆ ಇಟ್ಟು, ನಿರಾಕರಣೆಯ ವಿಷಯವನ್ನು ಇಪ್ಪತ್ತನಾಲ್ಕು ಗಂಟೆಗಳೊಳಗೆ ರಾಜ್ಯದ ಅಥವಾ ಸ್ಥಳೀಯ ಪೊಲೀಸರಿಗೆ ತಿಳಿಸಬೇಕೆಂದು ಕಾನೂನು ಮಾಡಿತು. ಆದರೆ ಸುದ್ದಿ ಪಡೆದ ಪೊಲೀಸರು ಏನನ್ನಾದರೂ ಮಾಡಲೇಬೇಕೆಂದು ಅದು ಹೇಳುವುದಿಲ್ಲ, ಅಂಗಡಿಯವನ ಹೊಣೆಯನ್ನೂ ಹೆಚ್ಚಿಸಿಲ್ಲ.

ಅಂಗಡಿಯವರನ್ನು ಪೊಲೀಸರನ್ನಾಗಿ ಮಾಡಬೇಡಿರೆಂಬ ಕೂಗು ಇಲ್ಲಿ ಏಳುತ್ತದೆ. ಆದರೆ ಒಬ್ಬನೇ ಗ್ರಾಹಕ ಸತತ ಐದು ಕೆಲಸದ ದಿನಗಳೊಳಗೆ ಎರಡು ಅಥವಾ ಹೆಚ್ಚು ಕೈಬಂದೂಕುಗಳನ್ನು ಕೊಂಡರೆ, ಆ ಖರೀದಿ ಪೂರ್ತಿ ಕಾನೂನುಬದ್ಧವಾಗಿದ್ದರೂ, ಅಂಗಡಿಯವನು ಅದನ್ನು ಅದೇ ದಿನ ಎಟಿಎಫ್‌ಗೂ ಸ್ಥಳೀಯ ಅಥವಾ ರಾಜ್ಯದ ಪೊಲೀಸರಿಗೂ ವರದಿ ಮಾಡಬೇಕೆಂಬ ನಿಯಮ ಹಲವು ದಶಕಗಳಿಂದ ಜಾರಿಯಲ್ಲಿದೆ. ಅಂಗಡಿಯಿಂದ ಬಂದೂಕು ಕಳುವಾದರೆ ನಲವತ್ತೆಂಟು ಗಂಟೆಗಳೊಳಗೆ ತಿಳಿಸಬೇಕು. ಅರ್ಹನಾದವನು ಎರಡು ಪಿಸ್ತೂಲು ಕೊಂಡದ್ದನ್ನು ವರದಿ ಮಾಡುವ ಅಂಗಡಿಗೆ, ಅನರ್ಹನೊಬ್ಬ ಒಂದನ್ನು ಕೇಳಿ ಬಂದದ್ದನ್ನು ವರದಿ ಮಾಡುವುದು ಹೊರೆಯಾಗಲಾರದು. ಆ ಒಂದು ಹಾಳೆಯನ್ನು ಕಡ್ಡಾಯಗೊಳಿಸುವುದು, ಅದು ತಲುಪಿದ ಠಾಣೆ ಗೊತ್ತಾದ ಅವಧಿಯೊಳಗೆ ವಿಚಾರಣೆ ನಡೆಸಬೇಕೆಂಬ ಷರತ್ತಿನ ಮೇಲೆ ಅದಕ್ಕೆ ಬೇಕಾದ ಹಣವನ್ನು ಒದಗಿಸುವುದು, ಮೂರು ದಿನಗಳ ಗಡುವನ್ನು ತೆಗೆದುಹಾಕಿ ಸ್ಪಷ್ಟ ಉತ್ತರ ಬರುವ ತನಕ ಮಾರಾಟವನ್ನು ನಿಲ್ಲಿಸುವುದು, ಖಾಸಗಿ ಮಾರಾಟವನ್ನೂ ಅದೇ ಪರಿಶೀಲನೆಗೆ ಒಳಪಡಿಸುವುದು, ಈ ನಾಲ್ಕೂ ಅಮೆರಿಕದ ಸಂಸತ್ತಿನ ಅಧಿಕಾರದೊಳಗೇ ಇರುವ ಕೆಲಸಗಳು.