ಬಚ್ಚಲಿಗೆ ಶವರೋ, ಟಬ್ಬೋ?

ಈ ಸಲದ ಗೋಡೆ ಪತ್ರಿಕೆಗೆ ನಾನು ಆರಿಸಿಕೊಂಡ ವಿಷಯ ನೋಡಿ ಕೆಲವರು ನಗಬಹುದು. ಪರಿಸರ, ವರದಕ್ಷಿಣೆ, ಸಾಕ್ಷರತೆ ಎಲ್ಲ ಬಿಟ್ಟು ಬಚ್ಚಲ ಮನೆ ಯಾಕೆ ಅಂತ. ಆದರೆ ನಮ್ಮ ಅಮದಳ್ಳಿಯಲ್ಲಿ ಹಂಚಿನ ಮನೆ ತೆಗೆದು ಸ್ಲ್ಯಾಬ್ ಮನೆ ಕಟ್ಟುವವರು ಈಗ ಬಹಳ. ನಮ್ಮ ಮನೆಯಲ್ಲೂ ಹೊಸ ಬಚ್ಚಲು ಆಗ್ತಾ ಇದೆ. ಗೋವೆಯಲ್ಲಿ ಕೆಲಸ ಮಾಡುವ ಮಾವ, "ಟಬ್ ಹಾಕಿಸು ಅಕ್ಕ, ದೊಡ್ಡ ಹೋಟೆಲಿನಲ್ಲಿ ಇದ್ದ ಹಾಗೆ ಇರ್ತದೆ" ಅಂತಾರೆ. ಅಣ್ಣನಿಗೆ ಶವರ್ ಬೇಕು. ಅಜ್ಜಿಗೆ ಮಾತ್ರ ಹಂಡೆ ಇದ್ದಲ್ಲೇ ಇರಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ. ಟಬ್ ಬೇಡವೇ ಬೇಡ.

ಸಾಧಾರಣ ಟಬ್ಬಿಗೆ ಒಂದು ಸಲ ಮೀಯಲು ಕಡಿಮೆ ಅಂದರೂ 150 ಲೀಟರ್ ನೀರು ಬೇಕು. 15 ಲೀಟರಿನ ಕೊಡದ ಲೆಕ್ಕದಲ್ಲಿ ಹತ್ತು ಕೊಡ. 2019ರಲ್ಲಿ ಶುರುವಾದ ಜಲಜೀವನ ಮಿಷನ್‌ನಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಇಟ್ಟಿದ್ದಾರೆ. ಕುಡಿಯೋದು, ಅಡುಗೆ, ಬಟ್ಟೆ, ಪಾತ್ರೆ ಎಲ್ಲ ಅದರಲ್ಲೇ. ಅಂದರೆ ಒಬ್ಬರು ಟಬ್ಬಿನಲ್ಲಿ ಮಲಗಿ ಎದ್ದರೆ ಮನೆಯ ಮೂವರ ಪಾಲು ಹತ್ತಿರ ಹತ್ತಿರ ಖಾಲಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಯ್ಯುವುದು ನೋಡಿದವರು ನೀರಿಗೆ ಏನು ಬರ ಅಂತ ಕೇಳ್ತಾರೆ. ಮೇ ತಿಂಗಳಲ್ಲಿ ಬಂದು ನಮ್ಮ ಬಾವಿಗೆ ಬಗ್ಗಿ ನೋಡಲಿ. ಕಡಲಿಗೆ ಹತ್ತಿರ ಇರುವ ಬಾವಿಗಳಲ್ಲಂತೂ ಆಗ ನೀರು ಸವಳು.

ಟಬ್ಬಿನ ಪರವಾಗಿ ನಮ್ಮ ವಿಜ್ಞಾನ ಪುಸ್ತಕದಲ್ಲಿ ಒಬ್ಬರೇ ಇದ್ದಾರೆ, ಆರ್ಕಿಮಿಡೀಸ್. ಸಿರಾಕ್ಯೂಸ್ ಪಟ್ಟಣದಲ್ಲಿ ಅವರು ತೊಟ್ಟಿಗೆ ಇಳಿದಾಗ ನೀರು ಹೊರಚೆಲ್ಲಿತು, "ಯುರೇಕಾ" ಅಂತ ಓಡಿದರು ಎಂಬ ಕಥೆ ಎಲ್ಲರಿಗೂ ಗೊತ್ತು. (ಅದನ್ನು ಬರೆದಿಟ್ಟ ವಿಟ್ರೂವಿಯಸ್ ಇದ್ದದ್ದು ಅವರು ಸತ್ತು ಸುಮಾರು ಇನ್ನೂರು ವರ್ಷದ ಮೇಲೆ. ಹಾಗಾಗಿ ಓಡಿದ್ದು ನಿಜವೋ ಸುಳ್ಳೋ.) ಆದರೆ ನಿಯಮ ನಿಜ. 50 ಕಿಲೋ ತೂಕದವರು ತುಂಬಿದ ಟಬ್ಬಿನಲ್ಲಿ ಮುಳುಗಿದರೆ ಹೆಚ್ಚು ಕಡಿಮೆ 50 ಲೀಟರ್ ಹೊರಗೆ ಚೆಲ್ತದೆ. ನಮ್ಮ ಮನೆಯಲ್ಲಾದರೆ ಅವರು ಯುರೇಕಾ ಅನ್ನುವ ಮೊದಲೇ ಅವ್ವ ಬೈದಿರುತ್ತಿದ್ದಳು.

ಇನ್ನು ಶವರ್. ಅದು ಬಹಳ ನೀರು ಉಳಿಸ್ತದೆ ಅಂತ ಅಣ್ಣ ವಾದ ಮಾಡಿದ. ಗೆಳತಿಯ ಮನೆಯಲ್ಲಿ ಶವರಿನ ಕೆಳಗೆ 16 ಲೀಟರಿನ ಬಕೆಟ್ ಇಟ್ಟು ಗಡಿಯಾರ ಹಿಡಿದು ನೋಡಿದೆವು. ಎರಡು ನಿಮಿಷಕ್ಕೆ ತುಂಬಿತು. ನಿಮಿಷಕ್ಕೆ 8 ಲೀಟರ್ ಆಯ್ತು. ಏಳು ನಿಮಿಷ ನಿಂತರೆ 56 ಲೀಟರ್, ಅಲ್ಲಿಗೆ ಒಬ್ಬರ ದಿನದ ಪಾಲು ಮುಗಿಯಿತು. ಅಣ್ಣ ಹಾಡು ಹೇಳುತ್ತಾ ಮೀಯುವವನು, ಏಳು ನಿಮಿಷಕ್ಕೆ ಹೊರಗೆ ಬರುವವನಲ್ಲ. ಅದೇ ಬಕೆಟ್ ಮತ್ತು ಚೊಂಬಾದರೆ ಒಂದೂವರೆ ಬಕೆಟ್ಟಿನಲ್ಲಿ ಸ್ನಾನ ಮುಗೀತದೆ. ಆದರೂ ಶವರ್ ಪೂರ್ತಿ ಬೇಡ ಅನ್ನಲಾರೆ. ಕಡಲಿಗೆ ಹೋಗಿ ಬಂದವರ ಮೈಮೇಲೆ ಉಪ್ಪು, ಹೊಯ್ಗೆ ಎರಡೂ ಇರ್ತದೆ. ಮೇಲಿಂದ ನೀರು ಬಿದ್ದರೆ ಅದು ಒಂದೇ ನಿಮಿಷದಲ್ಲಿ ತೊಳೆದು ಹೋಗ್ತದೆ. ಟಬ್ಬಿನಲ್ಲಾದರೆ ಆ ಹೊಯ್ಗೆಯ ಮೇಲೆಯೇ ಕೂತುಕೊಳ್ಳಬೇಕು! ಇನ್ನೊಂದು ಮಾತು. ಹತ್ತು ಮೀಟರ್ ಎತ್ತರದ ನೀರು ಒಂದು ವಾಯುಮಂಡಲದಷ್ಟು ಒತ್ತಡ ಕೊಡ್ತದೆ. ಟಾಕಿ ಬರೇ ಎರಡು ಮೀಟರ್ ಮೇಲಿದ್ದರೆ ಶವರ್ ಸುರಿಯುವುದಿಲ್ಲ, ಅಳುತ್ತದೆ. ಹಂಚಿನ ಮಾಡಿನ ಮನೆಯವರು ಇದನ್ನು ಯೋಚಿಸಿಯೇ ದುಡ್ಡು ಹಾಕಬೇಕು.

ನನಗೆ ದೊಡ್ಡದಾಗಿ ಕಾಣೋದು ಅಜ್ಜಿಯ ಪ್ರಶ್ನೆ. ಬಿಸಿನೀರಿನಲ್ಲಿ ಮುಳುಗಿ ಕೂತರೆ ಗಂಟುನೋವಿಗೆ ಹಿತ, ಅದಕ್ಕೇ ಟಬ್ ಅಂತಾರೆ ಮಾವ. ಹಿತವೇ ಇರಬಹುದು. ಆದರೆ ಮೊಣಕಾಲು ನೋವಿನವರು ಒಂದೂವರೆ ಅಡಿ ಎತ್ತರದ ಅಂಚು ದಾಟಿ, ಸೋಪಿನ ಜಾರಿಕೆಯಲ್ಲಿ ಒಳಗೆ ಇಳಿಯೋದು ಹೇಗೆ? ಏಳೋದು ಹೇಗೆ? ಅಜ್ಜಿಗೆ ಬೇಕಾದದ್ದು ಕೂತು ಮೀಯಲು ಒಂದು ಎತ್ತರದ ಮಣೆ, ಗೋಡೆಗೆ ಹಿಡಿದುಕೊಳ್ಳಲು ಒಂದು ಸರಳು, ಜಾರದ ಒರಟು ನೆಲ. ಇದನ್ನು ನಮ್ಮ ಮನೆಯಲ್ಲಿ ಇದುವರೆಗೆ ಯಾರೂ ಬಾಯಿಬಿಟ್ಟು ಹೇಳಿಲ್ಲ. ಹಂಡೆಯೂ ಇರಲಿ. ತೆಂಗಿನ ಸಿಪ್ಪೆ, ಕರಟ ಉರಿಸಿದರೆ ನೀರು ಕಾಯ್ತದೆ, ಮಳೆಗಾಲದಲ್ಲಿ ಕರೆಂಟ್ ಹೋದರೂ ಚಿಂತೆ ಇಲ್ಲ. ಟಬ್ಬಿಗಾದರೆ 25 ಲೀಟರಿನ ಗೀಸರ್ ಎರಡು ಮೂರು ಸಲ ಕಾಯಬೇಕು. ಹೊಗೆ ಅವ್ವನ ಕಣ್ಣಿಗೆ ಹೋಗ್ತದೆ ಅನ್ನೋದು ಸರಿ, ಅದಕ್ಕೆ ಹೊಗೆಕೊಳವೆ ಹಾಕಿಸಬೇಕು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆ ತೊಳೆದು ಹಿಂಡ್ಲಕಾಯಿ ಮಾಲೆ ಕಟ್ತೇವಲ್ಲ, ಶವರಿನ ಕುತ್ತಿಗೆಗೆ ಕಟ್ಟಲಿಕ್ಕೆ ಆಗ್ತದಾ?

ಪಂಪು ನಿಂತ ದಿನ ಬಚ್ಚಲಿಗೆ ನೀರು ಹೊರುವವರು ಅವ್ವ ಮತ್ತು ನಾನು. ಟಬ್ ಬೇಕು ಅನ್ನುವ ಮಾವ ವರ್ಷಕ್ಕೆ ಎರಡು ಸಲ, ಚೌತಿಗೆ ಮತ್ತು ದೀಪಾವಳಿಗೆ ಬರ್ತಾರೆ. ಹೊರುವವರನ್ನು ಕೇಳದೆ ಬಚ್ಚಲಿನ ನಕ್ಷೆ ಮಾಡೋದು ಸರಿಯಲ್ಲ ಅಂತ ನನ್ನ ವಾದ. ಬಚ್ಚಲ ನೀರು ಈಗ ಹೋಗ್ತಾ ಇರೋದು ಬಸಳೆ ಚಪ್ಪರಕ್ಕೂ ಎರಡು ತೆಂಗಿನ ಮರಕ್ಕೂ. ಆ ದಾರಿಯನ್ನೂ ಮುಚ್ಚಬಾರದು.

ಮೇಸ್ತ್ರಿ ಬರುವ ವಾರ ಗೋಡೆಯೊಳಗೆ ಪೈಪ್ ಹಾಕ್ತಾರೆ. ಕೆಳಗೊಂದು ನಲ್ಲಿ, ಮೇಲೊಂದು ಶವರ್, ಮೂಲೆಯಲ್ಲಿ ಹಂಡೆ ಅಂತ ನಾನು ಚಿತ್ರ ಬರೆದು ಅಪ್ಪನ ಕೈಗೆ ಕೊಟ್ಟಿದ್ದೇನೆ. ಅಪ್ಪ ಇನ್ನೂ ಏನೂ ಹೇಳಿಲ್ಲ. ಟಬ್ಬಿನ ಪರ ಬರೆಯುವವರಿದ್ದರೆ ಮುಂದಿನ ಸಂಚಿಕೆಗೆ ಬರೆಯಿರಿ, ಓದಲು ಕಾಯ್ತೇನೆ.

— 9ನೇ ತರಗತಿಯ ವಿದ್ಯಾರ್ಥಿನಿ