ಇನ್ನೊಮ್ಮೆ ಹಚ್ಚಿ ನೋಡೋಣ

ಸಂಗೀತವನ್ನು ಕೇಳಬೇಕು, ಅದರ ಬಗ್ಗೆ ಮಾತಾಡಬಾರದು ಎನ್ನುವವರು ಬಹಳ. ಹೀಗೆ ಹೇಳುವವರೇ ಸಾಮಾನ್ಯವಾಗಿ ಈ ವಿಷಯವಾಗಿ ಅರ್ಧ ಗಂಟೆ ಮಾತಾಡುತ್ತಾರೆ ಎಂಬುದನ್ನು ಸದ್ಯಕ್ಕೆ ಬದಿಗಿಡೋಣ. ಅವರ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಒಳ್ಳೆಯ ಭೈರವಿ ಕೇಳಿ ಎದ್ದವನಿಗೆ ಆಡಲು ಒಂದು ಮಾತೂ ತೋಚದಿದ್ದರೆ ಅದು ಅವನ ಕೊರತೆಯಲ್ಲ. ಆದರೆ ಮೌನವೇ ನಮ್ಮ ಕೇಳ್ಮೆಯ ಸಂಪ್ರದಾಯ ಎಂಬ ಭಾವನೆಯೂ ಈ ಮಾತಿನ ಹಿಂದೆ ಇದ್ದರೆ, ಅದನ್ನು ಒಪ್ಪುವುದು ಕಷ್ಟ. ಬೈಠಕ್ಕಿನಲ್ಲಿ ಮುದ್ರಿಸಿಕೊಂಡ ಹಳೆಯ ಕ್ಯಾಸೆಟ್ಟುಗಳಲ್ಲಿ ಗಾಯಕನ ಜೊತೆಗೆ ಕೇಳುಗರೂ ಇರುತ್ತಾರೆ. ಒಬ್ಬರು ‘ವಾಹ್’ ಎನ್ನುತ್ತಾರೆ, ಇನ್ನೊಬ್ಬರು ‘ಕ್ಯಾ ಬಾತ್ ಹೈ’ ಎನ್ನುತ್ತಾರೆ. ಕರ್ನಾಟಕ ಸಂಗೀತದ ಕಚೇರಿಯಾದರೆ ‘ಭಲೇ’ ಇರುತ್ತದೆ, ನಾಲಗೆಯ ‘ಚ್ಚ್ ಚ್ಚ್’ ಇರುತ್ತದೆ. ಆ ಉದ್ಗಾರ ಕಿವಿಗೆ ಬಿದ್ದಮೇಲೆಯೇ ಗಾಯಕ ಅದೇ ಜಾಗವನ್ನು ಇನ್ನೊಂದು ಬಗೆಯಲ್ಲಿ ಎತ್ತಿಕೊಳ್ಳುವುದೂ ಉಂಟು.

ಉದ್ಗಾರ ಬೇರೆ, ಅಭಿಪ್ರಾಯ ಬೇರೆ ಎಂದು ನೀವು ಆಕ್ಷೇಪಿಸಬಹುದು. ನಿಜ. ಕಚೇರಿಯಿಂದ ಮನೆಗೆ ಬಂದು ‘ಇವತ್ತು ಮಾರವಾ ಯಾಕೋ ಕೂಡಲಿಲ್ಲ’ ಎಂದರೆ ಅದು ಅಭಿಪ್ರಾಯ; ಆದರೆ ಅದನ್ನು ಒರೆಗೆ ಹಚ್ಚುವ ದಾರಿಯಿಲ್ಲ, ಏಕೆಂದರೆ ಹಾಡು ಆಗಲೇ ಹೋಗಿಬಿಟ್ಟಿದೆ. ನೀವು ಹೌದೆನ್ನುತ್ತೀರಿ, ನಾನು ಅಲ್ಲವೆನ್ನುತ್ತೇನೆ, ದೊಡ್ಡ ದನಿಯವರು ಗೆಲ್ಲುತ್ತಾರೆ. ಧ್ವನಿಮುದ್ರಣದ ವಿಷಯ ಹಾಗಲ್ಲ. ಅದರ ಬಗ್ಗೆ ಆಡಿದ ಮಾತಿಗೆ ‘ಇನ್ನೊಮ್ಮೆ ಹಚ್ಚಿ ನೋಡೋಣ’ ಎಂಬ ಉತ್ತರ ಸದಾ ಇದ್ದೇ ಇರುತ್ತದೆ. ರೆಕಾರ್ಡು ಎಂದರೆ ಬಾಡಿದ ಹೂವು, ಎದುರು ಕೂತು ಕೇಳಿದ್ದೇ ಸಂಗೀತ ಎನ್ನುವವರು ಈ ಒಂದು ಅನುಕೂಲವನ್ನು ಲೆಕ್ಕಕ್ಕೆ ಹಿಡಿದಂತಿಲ್ಲ. (ಗದಗ ಸೀಮೆಯ ಬಾಲಕ ಭೀಮಸೇನ ಮನೆ ಬಿಟ್ಟು ಗುರುವನ್ನು ಹುಡುಕಿ ಹೊರಟದ್ದು ಅಬ್ದುಲ್ ಕರೀಂ ಖಾನರ ಠುಮ್ರಿಯ ಒಂದು ರೆಕಾರ್ಡ್ ಕೇಳಿ ಎಂಬ ಪ್ರಸಿದ್ಧ ಕತೆಯನ್ನು ಅವರೂ ಪ್ರೀತಿಯಿಂದಲೇ ಹೇಳುತ್ತಾರೆ.)

ಇನ್ನೊಂದು ನಂಬಿಕೆ, ರಾಗ ಗೊತ್ತಿಲ್ಲದವರು ಬಾಯಿ ತೆರೆಯಬಾರದು ಎಂಬುದು. ಬಹುಕಾಲ ನಾನೂ ಇದನ್ನು ನಂಬಿದ್ದೆ. ಧಾರವಾಡದ ನಮ್ಮ ಅಣ್ಣನ ಮನೆಯಲ್ಲಿ ರವಿವಾರ ಮಧ್ಯಾಹ್ನ ನಾಲ್ಕೈದು ಜನ ಸೇರಿ ಕೇಳುತ್ತೇವೆ. ಒಮ್ಮೆ ಕೈಯಿಂದ ಕೈಗೆ ನಕಲಾಗಿ ಬಂದ ಒಂದು ಕ್ಯಾಸೆಟ್ಟು ಓಡುತ್ತಿತ್ತು, ತೀನತಾಲದ ಖಯಾಲು. ನಾವೆಲ್ಲ ತಲೆದೂಗುತ್ತಿದ್ದೆವು. ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ವೈನಿ ಬಾಗಿಲಿಗೆ ಬಂದು, ‘ಇಲ್ಲೆ ಎಲ್ಲೋ ಹೊಲಿಗಿ ಬಿಟ್ಟಂಗ ಆತಲ್ರೀ?’ ಅಂದರು. ನಾವು ನಕ್ಕೆವು. ಆದರೂ ಮರ್ಯಾದೆಗೆಂದು ಹಿಂದಕ್ಕೆ ಓಡಿಸಿ ಮತ್ತೆ ಹಚ್ಚಿದೆವು. ಈ ಸಲ ಬೆರಳು ಮಡಚಿ ಎಣಿಸಿದರೆ, 16 ಮಾತ್ರೆಯ ಆವರ್ತನ 13ಕ್ಕೇ ಮುಗಿದು ಸಮ್ ಬಂದುಬಿಟ್ಟಿತ್ತು. ಯಾವಾಗಲೋ ತುಂಡಾದ ಟೇಪನ್ನು ಯಾರೋ ಅಂಟಿಸಿದ್ದರು. ನಾಲ್ವರು ತಿಳಿದವರು ಆ ಜಾಗವನ್ನು ಹತ್ತಾರು ಸಲ ಕೇಳಿ ದಾಟಿ ಹೋಗಿದ್ದೆವು.

ಇದರಿಂದ ತಿಳಿವಳಿಕೆ ದಂಡ ಎಂಬ ತೀರ್ಮಾನಕ್ಕೆ ಹಾರುವುದು ಸುಲಭ, ಈಚೆಗೆ ಅದು ಜನಪ್ರಿಯವೂ ಹೌದು. ನಾನು ಹಾರುವುದಿಲ್ಲ. ಏನೋ ತಪ್ಪಿತು ಎಂದು ವೈನಿಗೆ ಕೇಳಿಸಿತು. ಏನು ತಪ್ಪಿತು ಎನ್ನಲು ಮಾತ್ರೆ ಎಣಿಸುವವರು ಬೇಕಾಯಿತು. ನಮ್ಮ ಕಿವಿ ಮಾತ್ರ ಮುಂದೇನು ಬರಬೇಕೋ ಅದನ್ನು ತಾನೇ ತುಂಬಿಕೊಂಡು ಕೇಳುತ್ತಿತ್ತು. ರಾಗ ತಾಳ ಬಲ್ಲವರ ಅಪಾಯ ಇದೇ ಇರಬಹುದು ಎಂಬ ಅನುಮಾನ ಅಂದಿನಿಂದ ನನಗಿದೆ.

ಹೆಸರಿನ ಅಪಾಯ ಇನ್ನೂ ದೊಡ್ಡದು. ಗಂಗೂಬಾಯಿ ಹಾನಗಲ್ಲರ 1930ರ ದಶಕದ ಆರಂಭದ ರೆಕಾರ್ಡುಗಳಲ್ಲಿ ಇರುವುದು ತೆಳುವಾದ, ಎತ್ತರದ ಹೆಣ್ಣುದನಿ. ನಾವೆಲ್ಲ ಬಲ್ಲ ಆ ಗಂಭೀರವಾದ, ಗಂಡುದನಿಗೆ ಹತ್ತಿರದ ಕಂಠ ಗಂಟಲಿನ ಚಿಕಿತ್ಸೆಯ ನಂತರದ್ದು. ಹೆಸರು ಹೇಳದೆ ಒಂದು ಹಳೆಯ ರೆಕಾರ್ಡ್ ಕೇಳಿಸಿದಾಗ ನಮ್ಮ ಗುಂಪಿನಲ್ಲಿ ಬಂದದ್ದು ‘ಚಲೋ ಅದ, ಆದರ ಹಗುರ’ ಎಂಬ ಮಾತು. ಹೆಸರು ಹೇಳಿದ ಮೇಲೆ ಅದೇ ಹಾಡಿನಲ್ಲಿ ಮುಂದಿನ ಗಾಂಭೀರ್ಯದ ಬೀಜ ಕಾಣಿಸತೊಡಗಿತು. ಯಾವುದು ನಿಜವಾದ ಅನಿಸಿಕೆ? ಮೊದಲನೆಯದೇ ಎನ್ನಲು ನಾನು ಸಿದ್ಧನಿಲ್ಲ. ಏನನ್ನು ಹುಡುಕಬೇಕೆಂದು ಗೊತ್ತಾದಾಗ ಕಾಣುವುದೆಲ್ಲ ಭ್ರಮೆಯಲ್ಲ. ಆದರೂ ಎರಡನೆಯದನ್ನು ಮಾತ್ರ ಕೇಳಿದವನಿಗೆ ಹೋಲಿಸಲು ಏನೂ ಇರುವುದಿಲ್ಲ. ಆದ್ದರಿಂದ ಮೊದಲೇ ‘ಇಂಥವರದು, ನಾಲ್ಕನೇ ನಿಮಿಷದಲ್ಲಿ ಒಂದು ತಾನ್ ಐತಿ, ಜೀವಾ ಹೋಕ್ಕತಿ ನೋಡ್ರಿ’ ಎಂದು ಹೇಳಿ ಕೊಡುವ ಗೆಳೆಯರು ಉಪಕಾರ ಮಾಡುತ್ತಿದ್ದಾರೋ ಅಪಕಾರವೋ ನನಗೆ ಖಚಿತವಿಲ್ಲ. ಮೊದಲ ಮೂರು ನಿಮಿಷವನ್ನು ನಾನು ಬಸ್ಸಿಗೆ ಕಾಯುವವನ ಹಾಗೆ ಕಳೆಯುತ್ತೇನೆ.

ಇಷ್ಟು ಹೊತ್ತು ಧ್ವನಿಮುದ್ರಣವನ್ನು ನಂಬಿಕಸ್ಥ ಸಾಕ್ಷಿಯಂತೆ ಕರೆಸುತ್ತ ಬಂದೆ. ಆ ಸಾಕ್ಷಿಯನ್ನೂ ಸ್ವಲ್ಪ ಪ್ರಶ್ನಿಸಬೇಕು. 78 ಆರ್‌ಪಿಎಂ ಎಂಬುದು, ಆರಂಭದ ದಶಕಗಳಲ್ಲಂತೂ, ಎಷ್ಟೋ ಸಲ ಹೆಸರಿಗಷ್ಟೇ 78; ಮುದ್ರಿಸುವಾಗಿನ ವೇಗ ಅದಕ್ಕಿಂತ ಹೆಚ್ಚು ಕಡಿಮೆ ಇರುತ್ತಿತ್ತು. 74ರ ವೇಗದಲ್ಲಿ ಮುದ್ರಿಸಿದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಹತ್ತಿರ ಹತ್ತಿರ ಅರ್ಧ ಸ್ವರ ಏರುತ್ತದೆ. ಪೆಟ್ಟಿಗೆಯ ಭಾಷೆಯಲ್ಲಿ, ಕಪ್ಪು ಒಂದರಲ್ಲಿ ಹಾಡಿದವರು ಬಿಳಿ ಎರಡರಲ್ಲಿ ಹಾಡಿದಂತೆ ಕೇಳುತ್ತದೆ. ಕಂಠ ಎಳೆಯದಾಗುತ್ತದೆ, ತಾನುಗಳು ಚುರುಕಾಗುತ್ತವೆ. ‘ಆಗಿನವರ ತಯಾರಿ ಈಗಿನವರಿಗೆಲ್ಲಿ’ ಎಂಬ ನಮ್ಮ ನಿಟ್ಟುಸಿರಿನಲ್ಲಿ ಒಂದು ಪಾಲು ಗ್ರಾಮಫೋನಿನ ಸ್ಪ್ರಿಂಗಿಗೆ ಸೇರಿದ್ದಿರಬಹುದು. ‘ಹಳಬರು ಎಷ್ಟು ಅಡಕವಾಗಿ ಹಾಡುತ್ತಿದ್ದರು’ ಎಂಬ ಮೆಚ್ಚುಗೆಯೂ ಹೀಗೆಯೇ. ಹತ್ತು ಅಂಗುಲದ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಮೂರು ನಿಮಿಷ, ಹೆಚ್ಚೆಂದರೆ ಇನ್ನರ್ಧ. ಕಲ್ಕತ್ತೆಯಲ್ಲಿ 1902ರಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ಅಷ್ಟರಲ್ಲೇ ಹಾಡು ಮುಗಿಸಿ, ಕೊನೆಗೆ ತಮ್ಮ ಹೆಸರನ್ನೂ ಇಂಗ್ಲಿಷಿನಲ್ಲಿ ಸಾರಿದರು. ಮುಂದೆ ಮೈಸೂರಿನ ಅರಮನೆಗೆ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡ ಆಕೆ ತಮ್ಮ ಮೆಹಫಿಲುಗಳಲ್ಲೂ ಮೂರೇ ನಿಮಿಷ ಹಾಡುತ್ತಿದ್ದರೆಂದು ಯಾರೂ ಭಾವಿಸಲಾರರು. ಅಡಕ ಎಂಬುದು ಎಷ್ಟರ ಮಟ್ಟಿಗೆ ಆಯ್ಕೆ, ಎಷ್ಟರ ಮಟ್ಟಿಗೆ ತಟ್ಟೆಯ ಅಳತೆ ಎಂಬುದನ್ನು ಆ ತಟ್ಟೆಯೊಂದನ್ನೇ ಎಷ್ಟು ಸಲ ಕೇಳಿದರೂ ಹೇಳಲಾಗದು. ಹಾಗಾಗಿ ‘ಇನ್ನೊಮ್ಮೆ ಹಚ್ಚಿ ನೋಡೋಣ’ ಎಂಬುದಕ್ಕೂ ಮಿತಿಯಿದೆ.

ಕೊನೆಯದಾಗಿ ಸಹೃದಯರ ವಿಚಾರ. ಅಭಿರುಚಿ ಕೂಡಿದವರೊಡನೆ ಕೇಳುವುದೇ ಸುಖ ಎನ್ನುತ್ತಾರೆ. ಸುಖ ಹೌದು, ಸಂಶಯವಿಲ್ಲ. ಆದರೆ ನನ್ನ ಕಿವಿಯನ್ನು ಬದಲಿಸಿದವರನ್ನು ನೆನೆದರೆ ಮುಂದೆ ಬರುವವರು ಒಪ್ಪದವರೇ. ನಮ್ಮ ಗುಂಪಿನ ನಿವೃತ್ತ ಮಾಸ್ತರರೊಬ್ಬರಿಗೂ ನನಗೂ ಮಲ್ಲಿಕಾರ್ಜುನ ಮನ್ಸೂರರ ಏಕ್ ನಿಷಾದ್ ಬಿಹಾಗಡಾದ ಒಂದು ಮುದ್ರಣದ ಬಗ್ಗೆ ಎರಡು ವರ್ಷದಿಂದ ತಕರಾರು ನಡೆದಿದೆ. ಒಂದು ಉಸಿರನ್ನು ಇನ್ನೊಂದಕ್ಕೆ ಹೆಣೆಯುತ್ತ ಸಾಗುವ ಆ ಗಾಯಕ ಅಲ್ಲಿ ಒಂದು ಕಡೆ ಸುಮ್ಮನಾಗುತ್ತಾರೆ. ಅದು ಬೇಕೆಂದೇ ಬಿಟ್ಟ ಜಾಗ ಎಂದು ನಾನು. ಉಸಿರು ಸಾಲಲಿಲ್ಲ, ಅಷ್ಟೇ ಎಂದು ಮಾಸ್ತರರು. ಹೋದ ವಾರ ಒಬ್ಬನೇ ಕೂತು ಅದನ್ನು ನಾಲ್ಕು ಸಲ ಕೇಳಿದೆ. ನಾಲ್ಕನೆಯ ಸಲ, ನಿಲ್ಲುವ ಮೊದಲಿನ ಸ್ವರ ತುದಿಯಲ್ಲಿ ಕೊಂಚ ನಡುಗಿದಂತೆ ಅನ್ನಿಸಿತು. ನಡುಗಿದ್ದು ಸ್ವರವೋ, ಮಾಸ್ತರರ ಮಾತು ನನ್ನ ಕಿವಿಯಲ್ಲಿ ಕೂತದ್ದೋ ತಿಳಿಯಲಿಲ್ಲ. ಅವರಿಗೆ ಇನ್ನೂ ಹೇಳಿಲ್ಲ. ಮೊದಲು ವೈನಿಗೆ ಕೇಳಿಸಿ ನೋಡಬೇಕೆಂದಿದ್ದೇನೆ, ಏನನ್ನೂ ಹೇಳದೆ.