ಸ್ಕ್ಯಾನಿನಲ್ಲಿ ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ

ಕಾಗಲ: ಶ್ವಾಸಕೋಶದ ಎಕ್ಸ್‌ರೇಯಲ್ಲಿ ಗಡ್ಡೆಯಂಥದ್ದು ಕಂಡರೆ ಇತ್ತೀಚೆಗೆ ಅನೇಕ ವೈದ್ಯರು ಪೆಟ್ ಸ್ಕ್ಯಾನ್ ಬರೆದುಕೊಡುತ್ತಾರೆ. ಸಾಲ ಮಾಡಿ ದೊಡ್ಡ ಊರಿಗೆ ಹೋಗಿಬಂದ ಮನೆಯವರ ಕೈಗೆ ರಿಪೋರ್ಟ್ ಬರುತ್ತದೆ. ಅದರಲ್ಲಿ ‘ಮೆಟಬಾಲಿಕಲಿ ಆಕ್ಟಿವ್’ ಎಂದಿದ್ದರೆ ಸಾಕು, ರೋಗಿ ಬಸ್ಸಿಳಿಯುವ ಮೊದಲೇ ಕ್ಯಾನ್ಸರ್ ಎಂಬ ಸುದ್ದಿ ಊರು ಸೇರಿರುತ್ತದೆ. ಆದರೆ ಆ ಮಾತಿಗೆ ಕ್ಯಾನ್ಸರ್ ಎಂಬ ಅರ್ಥವೇ ಇಲ್ಲ!

ಈ ಪರೀಕ್ಷೆಯಲ್ಲಿ ರಕ್ತನಾಳಕ್ಕೆ ಕೊಡುವುದು ಎಫ್‌ಡಿಜಿ ಎಂಬ, ಸಕ್ಕರೆಯನ್ನೇ ಹೋಲುವ ಪದಾರ್ಥ. ಅದಕ್ಕೆ ವಿಕಿರಣ ಸೂಸುವ ಫ್ಲೋರಿನ್-18 ಸೇರಿಸಿರುತ್ತಾರೆ. 110 ನಿಮಿಷಕ್ಕೊಮ್ಮೆ ಇದರ ಶಕ್ತಿ ಅರ್ಧಕ್ಕಿಳಿಯುತ್ತದೆ. ಪರೀಕ್ಷೆ ದುಬಾರಿಯಾಗಲು ಇದೂ ಒಂದು ಕಾರಣ. ಕ್ಯಾನ್ಸರ್ ಕೋಶಗಳಿಗೆ ಸಕ್ಕರೆಯ ಹಸಿವು ಹೆಚ್ಚು, ಹಾಗಾಗಿ ಆ ಜಾಗ ಹೊಳೆಯುತ್ತದೆ. ತೊಡಕೇನೆಂದರೆ, ರೋಗಾಣುವಿನೊಡನೆ ಹೋರಾಡುವ ನಮ್ಮದೇ ರಕ್ಷಣಾ ಕೋಶಗಳಿಗೂ ಅದೇ ಹಸಿವು. ಜಪಾನಿನ ಕುಬೋಟಾ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಇಲಿಗಳ ಅಧ್ಯಯನದಲ್ಲಿ, ಗಡ್ಡೆಯೊಳಗಿದ್ದ ರಕ್ಷಣಾ ಕೋಶಗಳು ಕ್ಯಾನ್ಸರ್ ಕೋಶಗಳಿಗಿಂತಲೂ ಹೆಚ್ಚು ಎಫ್‌ಡಿಜಿ ಹೀರಿಕೊಂಡಿದ್ದವು.

ಗಡಿಭಾಗಕ್ಕೆ ಇದು ದೂರದ ಮಾತಲ್ಲ. ಕಾಗಲ, ಗೋಕುಳ ಶಿರಗಾಂವ, ಶಿರೋಲಿಯ ಫೌಂಡ್ರಿಗಳಲ್ಲಿ ಕೆಲಸವೆಂದರೆ ಮರಳು ಮತ್ತು ಧೂಳು. ಸಿಲಿಕಾ ಧೂಳು ಸಿಲಿಕೋಸಿಸ್ ತರುತ್ತದೆ, ಟಿಬಿಯ ಅಪಾಯವನ್ನೂ ಹೆಚ್ಚಿಸುತ್ತದೆ. ಈ ಎರಡೂ ಸ್ಕ್ಯಾನಿನಲ್ಲಿ ಕ್ಯಾನ್ಸರಿನಂತೆಯೇ ಬೆಳಗಬಲ್ಲವು. ಹೊಳಪಿನ ಅಳತೆ 2.5 ದಾಟಿದರೆ ಕ್ಯಾನ್ಸರ್ ಶಂಕೆ ಎಂಬ ಹಳೆಯ ಲೆಕ್ಕ, ಟಿಬಿ ಮನೆಮಾಡಿರುವ ನಾಡಿನಲ್ಲಿ ನಿಲ್ಲುವುದಿಲ್ಲ.

ವಿಜ್ಞಾನಿಗಳು ಸುಮ್ಮನೆ ಕೂತಿಲ್ಲ. ಒಂದೆರಡು ಗಂಟೆ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿದರೆ ಕ್ಯಾನ್ಸರಿನ ಹೊಳಪು ಏರುತ್ತದೆ, ಉರಿಯೂತದ್ದು ಏರದು ಎಂಬ ನಿರೀಕ್ಷೆಯಿತ್ತು. ಟಿಬಿಯ ಗಂಟುಗಳಲ್ಲೂ ಅದು ಏರುವುದು ಕಂಡುಬಂದು ಲೆಕ್ಕ ತಪ್ಪಿತು. ಕೋಶಗಳು ಒಡೆದು ಹೆಚ್ಚುವುದನ್ನು ತೋರಿಸುವ ಎಫ್‌ಎಲ್‌ಟಿ ಬಂತು. ಈಗ ಗಡ್ಡೆಯ ಸುತ್ತಲಿನ ನಾರುಕೋಶಗಳನ್ನು ಹಿಡಿಯುವ ಎಫ್‌ಎಪಿಐ ಬಗ್ಗೆ ಬಹಳ ಮಾತಿದೆ. ಅದೂ ಮಾಯುತ್ತಿರುವ ಗಾಯದಲ್ಲಿ, ಟಿಬಿಯಲ್ಲಿ ಹೊಳೆಯುವುದುಂಟು.

ಹಾಗಂತ ‘ಟಿಬಿಯೇ ಇರಬೇಕು’ ಎಂದು ಸಮಾಧಾನ ಪಡುವಂತೆಯೂ ಇಲ್ಲ. ಅಂದಾಜಿನ ಮೇಲೆ ತಿಂಗಳುಗಟ್ಟಲೆ ಟಿಬಿ ಗುಳಿಗೆ ನುಂಗಿ, ಅಷ್ಟರಲ್ಲಿ ಕ್ಯಾನ್ಸರ್ ಕೈಮೀರಿದ ಉದಾಹರಣೆಗಳು ಭಾರತದಲ್ಲಿ ಬೇಕಾದಷ್ಟಿವೆ. ಸಿಲಿಕಾ ಧೂಳು ಶ್ವಾಸಕೋಶದ ಕ್ಯಾನ್ಸರಿಗೂ ಕಾರಣವಾಗಬಲ್ಲದು.

ಎರಡರ ನಡುವಿನ ತೀರ್ಪು ಕೊಡುವುದು ಬಯಾಪ್ಸಿ. ಸೂಜಿಯಿಂದ ತೆಗೆದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಎಲ್ಲಿ ಸೂಜಿ ಹಾಕಬೇಕೆಂದು ತೋರಿಸುವುದರಲ್ಲಿ ಪೆಟ್ ಸ್ಕ್ಯಾನ್ ನಿಜಕ್ಕೂ ಉಪಕಾರಿ. ‘ಸೂಜಿ ತಾಗಿದರೆ ಗಡ್ಡೆ ಹರಡುತ್ತದೆ’ ಎಂಬ ಭಯ ಹಳ್ಳಿಗಳಲ್ಲಿ ಇನ್ನೂ ಇದೆ. ಅಂಥ ಪ್ರಸಂಗ ತೀರಾ ಅಪರೂಪ, ತಡಮಾಡುವುದರ ಅಪಾಯವೇ ದೊಡ್ಡದು.

ಇನ್ನೊಂದು ಸಣ್ಣ ಸಂಗತಿಯಿದೆ. ತೆಗೆದ ಚೂರನ್ನೆಲ್ಲ ಫಾರ್ಮಾಲಿನ್ ಶೀಶೆಗೆ ಹಾಕಿದರೆ ಅದರಿಂದ ಟಿಬಿ ರೋಗಾಣುವನ್ನು ಬೆಳೆಸಿ ನೋಡಲಾಗದು. ಸ್ವಲ್ಪ ಭಾಗವನ್ನು ಸಲೈನಿನಲ್ಲಿ ಬೇರೆ ಇಟ್ಟು ಟಿಬಿ ಪರೀಕ್ಷೆಗೆ ಕಳಿಸುವಿರಾ ಎಂದು ಸೂಜಿ ಹಾಕುವ ಮೊದಲೇ ಕೇಳಬೇಕು. ಮರಾಠಿಯಲ್ಲಾದರೂ ಸರಿ, ಕನ್ನಡದಲ್ಲಾದರೂ ಸರಿ.